ಸುಲೇಮಾನಿಯೆ ಮಸೀದಿ ನೋಡುವುದು ಹೇಗೆ?

ಇಸ್ತಾಂಬುಲ್‌ನ ಸುಲೇಮಾನಿಯೆಗೆ ಬಂದವರಲ್ಲಿ ಹೆಚ್ಚಿನವರು ನೇರ ಒಳಗೆ ಹೋಗಿ, ಗುಮ್ಮಟದ ಫೋಟೋ ತೆಗೆದು ಹೊರಟುಬಿಡುತ್ತಾರೆ. ಸುಲ್ತಾನ್ ಸುಲೇಮಾನನಿಗಾಗಿ 1550–57ರಲ್ಲಿ ಇದನ್ನು ಕಟ್ಟಿದ ವಾಸ್ತುಶಿಲ್ಪಿ ಸಿನಾನ್‌ನ ಜಾಣ್ಮೆಯೆಲ್ಲ ಪಕ್ಕದ ಗೋಡೆಗಳಲ್ಲಿದೆ. ಹಾಗಾಗಿ ಹೊರಗಿನಿಂದ ಶುರುಮಾಡಿ.

ಅಂಗಳದ ನಾಲ್ಕು ಮೂಲೆಗೆ ನಾಲ್ಕು ಮಿನಾರುಗಳು. ಎತ್ತರದ ಎರಡಕ್ಕೆ ಮೂರು ಮೂರು ಬಾಲ್ಕನಿ, ಗಿಡ್ಡವಕ್ಕೆ ಎರಡೆರಡು. ಒಟ್ಟು 10. ಸುಲೇಮಾನ್ ಹತ್ತನೆಯ ಆಟೊಮನ್ ಸುಲ್ತಾನ ಎಂಬುದಕ್ಕೆ ಇದನ್ನು ತಾಳೆ ಹಾಕುವುದು ರೂಢಿ.

ಈಗ ಪಕ್ಕಕ್ಕೆ ಬನ್ನಿ, ಅವಸರ ಬೇಡ. ಸುಮಾರು 26 ಮೀಟರ್ ವ್ಯಾಸದ, 53 ಮೀಟರ್ ಎತ್ತರದ ಗುಮ್ಮಟ ಕೆಳಕ್ಕೆ ಒತ್ತುವ ಜತೆಗೆ ಹೊರಕ್ಕೂ ತಳ್ಳುತ್ತದೆ. ಬಾಗಿಲ ಕಡೆ, ಮಿಹ್ರಾಬಿನ (ಮೆಕ್ಕಾ ದಿಕ್ಕು ತೋರುವ ಗೋಡೆಗೂಡಿನ) ಕಡೆ ಒಂದೊಂದು ಅರೆಗುಮ್ಮಟ ಅದನ್ನು ತಡೆಯುತ್ತದೆ. ಪಕ್ಕಗಳಲ್ಲಿ ಇರುವುದು ದೊಡ್ಡ ಕಮಾನು, ಅದರೊಳಗೆ ಕಿಟಕಿ ತುಂಬಿದ ತೆಳು ಗೋಡೆ. ಅಲ್ಲಿ ಆಸರೆಗೋಡೆ ಬೇಕೇ ಬೇಕು. ಇದೇ ಊರಿನ, ಇನ್ನೂ ಹಳೆಯ ಹಾಗಿಯಾ ಸೋಫಿಯಾದಲ್ಲಿ ಅಂಥವು ಹೊರಗೆ ಕಣ್ಣಿಗೆ ರಾಚುತ್ತವೆ. ಸಿನಾನ್ ಹೊರಗೋಡೆಯನ್ನು ಆಸರೆಗಳ ನಡುಮಧ್ಯಕ್ಕೆ ತಂದು, ಅವನ್ನು ಅರ್ಧ ಒಳಗೆ, ಅರ್ಧ ಹೊರಗೆ ಹಂಚಿದ. ಹೊರಗೆ ಉಳಿದ ಸಂದಿಗೆ ಎರಡಂತಸ್ತಿನ ಕಂಬಸಾಲು ಕೂಡಿಸಿದ. ಕಂಬಸಾಲು ಮುಗಿದು ಗಟ್ಟಿ ಗೋಡೆ ಶುರುವಾಗುವ ಜಾಗವನ್ನು ಗುರುತು ಹಾಕಿಕೊಳ್ಳಿ. ಒಳಗೆ ಅದೇ ಸಾಲಿನಲ್ಲಿ ಗುಮ್ಮಟ ಹೊತ್ತ ಹೆಗ್ಗಂಬ ಸಿಗುತ್ತದೆ.

ಒಳಹೋಗುವಾಗ ಚಪ್ಪಲಿ ಬಿಡಬೇಕು, ಹೆಂಗಸರು ತಲೆಗೆ ವಸ್ತ್ರ ಹೊದೆಯಬೇಕು. ನಮಾಜಿನ ಹೊತ್ತಲ್ಲಿ, ಅದರಲ್ಲೂ ಶುಕ್ರವಾರ ಮಧ್ಯಾಹ್ನ, ಪ್ರವಾಸಿಗರನ್ನು ಬಿಡುವುದಿಲ್ಲ.

ವಿಜಯಪುರದ ಗೋಲಗುಮ್ಮಟ ನೋಡಿದವರು ಒಂದನ್ನೊಂದು ಕತ್ತರಿಸುವ ಕಮಾನುಗಳನ್ನು ಇಲ್ಲಿ ಹುಡುಕಬೇಡಿ. ನಾಲ್ಕು ಕಮಾನುಗಳ ನಡುವಿನ ಬಾಗಿದ ತ್ರಿಕೋನಗಳೇ ಚೌಕವನ್ನು ವೃತ್ತಕ್ಕೆ ತಿರುಗಿಸುತ್ತವೆ.

ಗುಮ್ಮಟದ ಚಿತ್ತಾರವನ್ನು ಸಿನಾನ್ ಕಾಲದ್ದೆಂದು ತಿಳಿಯುವುದು ಸಾಮಾನ್ಯ ತಪ್ಪು. 1660ರ ಬೆಂಕಿ, ಆಮೇಲೆ 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ಫೊಸ್ಸಾಟಿ ಮಾಡಿದ ಬರೋಕ್ ಎಂಬ ಯುರೋಪಿನ ಅಲಂಕಾರಿಕ ಶೈಲಿಯ ದುರಸ್ತಿ, ಮತ್ತೆ ಮುಂದಿನ ಜೀರ್ಣೋದ್ಧಾರ ಎಲ್ಲ ಸೇರಿ ಅದು ಬಹಳ ಬದಲಾಗಿದೆ. ಹಳೆಯದು ಬೇಕೆಂದರೆ ಮಿಹ್ರಾಬಿನ ಅಕ್ಕಪಕ್ಕದ ಇಜ್ನಿಕ್ ಊರಿನ ಬಣ್ಣದ ಬಿಲ್ಲೆಗಳನ್ನು (ಟೈಲ್ಸ್) ನೋಡಿ. ಅವುಗಳ ಕೆಂಪು ಬಣ್ಣ ದಪ್ಪಗೆ ಉಬ್ಬಿ ನಿಂತಿರುತ್ತದೆ. ಕಟಕಟೆಯ ಈಚೆಯೇ ನಿಲ್ಲಬೇಕಾದ್ದರಿಂದ ಸಣ್ಣ ದುರ್ಬೀನು ಇದ್ದರೆ ಒಳ್ಳೆಯದು.

ಹೊರಡುವ ಮುನ್ನ ಮುಖ್ಯ ಬಾಗಿಲ ಮೇಲ್ಭಾಗ ಗಮನಿಸಿ: ಎಣ್ಣೆದೀಪಗಳ ಹೊಗೆಯನ್ನು ಗಾಳಿಯೇ ಅಲ್ಲಿನ ಕೋಣೆಗೆ ಸೆಳೆಯುವಂತೆ ಏರ್ಪಾಟಿತ್ತು. ಸೇರಿದ ಮಸಿಯಿಂದ ಲಿಪಿಕಾರರಿಗೆ ಶಾಯಿ ತಯಾರಾಗುತ್ತಿತ್ತು.