ಸೆನ್ಸರ್ ಒಂದೇ, ವ್ಯೂಫೈಂಡರ್ ಬೇರೆ: ನಾನು ಕ್ಯಾಮೆರಾ ಆರಿಸಿದ್ದು ಹೀಗೆ

ಫ್ಯೂಜಿಫಿಲ್ಮ್‌ನ ಎಕ್ಸ್-ಪ್ರೊ2 ತಗೊಳ್ಳೋದಾ, ಎಕ್ಸ್-ಟಿ2 ತಗೊಳ್ಳೋದಾ? ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಹುಡುಕುವಾಗ ನನ್ನ ಮುಂದೆ ಕೊನೆಗೆ ಉಳಿದ ಪ್ರಶ್ನೆ ಇದು. ಎರಡೂ 2016ರಲ್ಲಿ ಬಂದವು. ಎರಡರಲ್ಲೂ ಇರುವುದು ಅದೇ 24.3 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರ್, ಅದೇ ಪ್ರೊಸೆಸರ್, ಅದೇ ಬ್ಯಾಟರಿ. ಲೆನ್ಸ್‌ಗಳೂ ಅವೇ. ಎರಡಕ್ಕೂ ಎರಡೆರಡು ಕಾರ್ಡ್ ಹಾಕಬಹುದು. ತೂಕವೂ ಹೆಚ್ಚುಕಮ್ಮಿ ಅರ್ಧ ಕೆಜಿ. ವಿಡಿಯೊ ವಿಷಯದಲ್ಲಿ ಎಕ್ಸ್-ಟಿ2 ಮುಂದಿದೆ ಅನ್ನುತ್ತಾರೆ. ನಾನು ವಿಡಿಯೊ ಮಾಡುವವನಲ್ಲ, ಹಾಗಾಗಿ ಅದನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ.

ನಿಜವಾದ ವ್ಯತ್ಯಾಸ ಇರುವುದು ಕಣ್ಣಿಡುವ ಜಾಗದಲ್ಲಿ. ಎಕ್ಸ್-ಟಿ2ರ ವ್ಯೂಫೈಂಡರ್ ಕ್ಯಾಮೆರಾದ ನಡು ನೆತ್ತಿಯಲ್ಲಿದೆ, ಪೂರ್ತಿ ಎಲೆಕ್ಟ್ರಾನಿಕ್. ಅಂದರೆ ಲೆನ್ಸ್ ನೋಡುವುದನ್ನು ಸೆನ್ಸರ್ ಹಿಡಿದು, ಒಳಗಿನ ಪುಟ್ಟ ಪರದೆಯ ಮೇಲೆ ತೋರಿಸುತ್ತದೆ. ಎಕ್ಸ್-ಪ್ರೊ2ರ ವ್ಯೂಫೈಂಡರ್ ಎಡಮೂಲೆಯಲ್ಲಿದೆ, ಅದು ಹೈಬ್ರಿಡ್. ಮಾಮೂಲಿಯಾಗಿ ಅದು ಬರೀ ಗಾಜು, ಇದನ್ನೇ ಆಪ್ಟಿಕಲ್ ಅನ್ನುವುದು. ಲೆನ್ಸ್‌ಗೂ ಅದಕ್ಕೂ ಸಂಬಂಧವಿಲ್ಲ. ಕಿಟಕಿಯಲ್ಲಿ ನೋಡಿದ ಹಾಗೆ ಎದುರಿನದೆಲ್ಲ ಕಾಣುತ್ತದೆ. ಅದರ ಮೇಲೆ ಬೆಳಕಿನ ಗೆರೆಯ ಒಂದು ಚೌಕಟ್ಟು ಮೂಡುತ್ತದೆ. ಫೋಟೋದಲ್ಲಿ ಬರುವುದು ಆ ಚೌಕಟ್ಟಿನ ಒಳಗಿನದು. ಮುಂದುಗಡೆ ಇರುವ ಸಣ್ಣ ಲಿವರ್ ತಿರುಗಿಸಿದರೆ ಅದೇ ಕಂಡಿಯಲ್ಲಿ ಎಲೆಕ್ಟ್ರಾನಿಕ್ ಪರದೆ ಬರುತ್ತದೆ.

ನನ್ನ ಊರು ಮಂಡ್ಯ. ನಾನು ಜಾಸ್ತಿ ಫೋಟೋ ತೆಗೆಯುವುದು ಆಲೆಮನೆಗಳಲ್ಲಿ. ಅದು ಬಿಟ್ಟರೆ ಮೈಸೂರಿನ ದೇವರಾಜ ಮಾರ್ಕೆಟ್, ದಸರಾ, ಆಗಾಗ ರಂಗನತಿಟ್ಟು. ಜೊತೆಗೆ ನಾನು ಕನ್ನಡಕ ಹಾಕುತ್ತೇನೆ. ಈ ವಿಷಯದಲ್ಲಿ ಇದು ಸಣ್ಣ ಸಂಗತಿಯಲ್ಲ, ಮುಂದೆ ಹೇಳುತ್ತೇನೆ.

ಎಕ್ಸ್-ಪ್ರೊ2 ಮೈಸೂರಿನ ಗೆಳೆಯನ ಹತ್ತಿರ ಇತ್ತು. ಎಕ್ಸ್-ಟಿ2 ಬಾಡಿಗೆಗೆ ತಂದೆ. ಎರಡಕ್ಕೂ ಒಂದೇ 23 ಎಂಎಂ ಎಫ್2 ಲೆನ್ಸ್ ಅದಲುಬದಲು ಮಾಡಿಕೊಂಡು ಆಲೆಮನೆಗೆ ಹೋದೆ. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಎಲ್ಲ ಫೋಟೋಗಳನ್ನೂ ಒಂದೇ ಫೋಲ್ಡರ್‌ಗೆ ಹಾಕಿ ಬೆರೆಸಿದೆ. ಚೆನ್ನಾಗಿ ಬಂದ ಫೋಟೋಗಳಲ್ಲಿ ಯಾವುದು ಯಾವ ಕ್ಯಾಮೆರಾದ್ದು ಅಂತ ಗುರುತಿಸಲು ಆಗಲೇ ಇಲ್ಲ. ಆಗಬಾರದು ಕೂಡ, ಸೆನ್ಸರ್ ಒಂದೇ ಅಲ್ವಾ. ಆಮೇಲೆ ಕೆಟ್ಟ ಫೋಟೋಗಳನ್ನಷ್ಟೇ ಬೇರೆ ಮಾಡಿ ನೋಡಿದೆ. ಅಲ್ಲಿ ವ್ಯತ್ಯಾಸ ಎದ್ದು ಕಂಡಿತು. ಎಕ್ಸ್-ಪ್ರೊ2ರಲ್ಲಿ ಕೆಟ್ಟವು ಹೆಚ್ಚಾಗಿ ಬೆಳಕಿನ ಲೆಕ್ಕ ತಪ್ಪಿದವು, ಅಂಚಿನಲ್ಲಿ ಬೇಡದ್ದು ಬಂದವು. ಎಕ್ಸ್-ಟಿ2ರಲ್ಲಿ ಕೆಟ್ಟವು ಹೆಚ್ಚಾಗಿ ಹೊತ್ತು ತಪ್ಪಿದವು. ಬೆಳಕು, ಅಂಚು ಎಲ್ಲ ಸರಿ ಇದೆ, ಆದರೆ ಮುಖದ ಮೇಲಿನ ಆ ನಗು ಅಷ್ಟರಲ್ಲಿ ಹೋಗಿಬಿಟ್ಟಿದೆ.

ಎರಡು ಕ್ಯಾಮೆರಾ ಹೋಲಿಸುವವರಿಗೆ ನಾನು ಹೇಳುವುದು ಇದನ್ನೇ. ಚೆನ್ನಾಗಿ ಬಂದವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಡಿಲೀಟ್ ಮಾಡಲು ಹೊರಟವನ್ನು ನೋಡಿ.

ಯಾಕೆ ಹೀಗಾಯಿತು ಅಂತ ಅರ್ಥವಾಗಬೇಕಾದರೆ ಆಲೆಮನೆಯ ಬೆಳಕನ್ನು ಸ್ವಲ್ಪ ಹೇಳಬೇಕು. ತಗಡಿನ ಸೂರಿನ ಕೆಳಗೆ ಕತ್ತಲು. ಸುತ್ತ ಗೋಡೆಯಿಲ್ಲದ ಕಡೆಯಿಂದ ಕಣ್ಣು ಕುಕ್ಕುವ ಬಿಸಿಲು. ಒಲೆಬಾಯಿಯಲ್ಲಿ ಬೆಂಕಿ. ಕೊಪ್ಪರಿಗೆಯಿಂದ ಏಳುವ ಆವಿ ಬಿಸಿಲಿಗೆ ಸಿಕ್ಕಿದರೆ ಬಿಳೀ ಗೋಡೆ, ನೆರಳಲ್ಲಿದ್ದರೆ ಬೂದು. ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತಳ್ಳುವವರ ಮುಖ, ಬೆಂಕಿ ಭಗ್ಗೆಂದಾಗ ಒಂದು ಕ್ಷಣ ಕೆಂಪಗೆ ಕಾಣುತ್ತದೆ, ಮತ್ತೆ ಕಪ್ಪಾಗುತ್ತದೆ. ಇಂಥ ಕಡೆ ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ನಂಬಿದರೆ ಬೆಂಕಿಗೆ ಹೆದರಿ ಮುಖವನ್ನು ಕತ್ತಲು ಮಾಡುತ್ತದೆ, ಇಲ್ಲವೇ ಕತ್ತಲಿಗೆ ಹೆದರಿ ಆವಿಯನ್ನೆಲ್ಲ ಸುಣ್ಣ ಬಳಿದಂತೆ ಬಿಳಿ ಮಾಡುತ್ತದೆ.

ಎಲೆಕ್ಟ್ರಾನಿಕ್ ವ್ಯೂಫೈಂಡರ್‌ನಲ್ಲಿ ಇದು ಕ್ಲಿಕ್ ಮಾಡುವ ಮೊದಲೇ ಕಾಣುತ್ತದೆ. ಚಿತ್ರದ ಬೆಳಕನ್ನು ಹೆಚ್ಚುಕಮ್ಮಿ ಮಾಡುವ ಎಕ್ಸ್‌ಪೋಶರ್ ಕಾಂಪನ್ಸೇಶನ್ ಡಯಲನ್ನು ಹೆಬ್ಬೆರಳಲ್ಲಿ ತಿರುಗಿಸುತ್ತಾ ಹೋದರೆ ಆವಿಯ ಮಡಿಕೆಗಳು ಒಂದೊಂದೇ ವಾಪಸ್ ಬರುವುದನ್ನು ಕಣ್ಣಲ್ಲೇ ನೋಡಬಹುದು. ಆಪ್ಟಿಕಲ್‌ನಲ್ಲಿ ಎಕ್ಸ್‌ಪೋಶರ್ ಸ್ಕೇಲ್ ಇರುತ್ತದೆ, ಬೇಕಿದ್ದರೆ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಬೆಳಕು-ಕತ್ತಲು ಎಷ್ಟೆಷ್ಟು ಅಂತ ತೋರಿಸುವ ನಕ್ಷೆ) ಕೂಡ ಇಟ್ಟುಕೊಳ್ಳಬಹುದು. ಆದರೆ ಚಿತ್ರ ಹೇಗೆ ಬರುತ್ತದೆ ಅನ್ನುವುದನ್ನು ನಾವೇ ಅಂದಾಜು ಮಾಡಬೇಕು.

ಹಾಗಂತ ಎಲೆಕ್ಟ್ರಾನಿಕ್ ಎಲ್ಲದರಲ್ಲೂ ಮೇಲು ಅಂತ ನಾನು ಹೇಳುವುದಿಲ್ಲ. ಕತ್ತಲಲ್ಲಿ ನಿಂತವರ ಮುಖಭಾವ ಆಪ್ಟಿಕಲ್‌ನಲ್ಲಿ ಕಂಡಷ್ಟು ಚೆನ್ನಾಗಿ ಎಲೆಕ್ಟ್ರಾನಿಕ್‌ನಲ್ಲಿ ಕಾಣುವುದಿಲ್ಲ. ಬೆಳಕು ಕಮ್ಮಿಯಾದರೆ ಪರದೆಯ ಮೇಲೆ ಕಾಳುಕಾಳು ಶುರುವಾಗುತ್ತದೆ, ಚಲನೆ ಸ್ವಲ್ಪ ಎಳೆದಂತೆ ಕಾಣುತ್ತದೆ. ಪಾಕ ಹದಕ್ಕೆ ಬಂದಾಗ ಆಲೆಮನೆಯಲ್ಲಿ ಎಲ್ಲರೂ ಒಟ್ಟಿಗೆ ಚುರುಕಾಗುತ್ತಾರೆ. ಕೊಪ್ಪರಿಗೆ ಬಗ್ಗಿಸಿ ಪಾಕವನ್ನು ತೊಟ್ಟಿಗೆ ಸುರಿಯುವುದು ನೋಡನೋಡುತ್ತಲೇ ಮುಗಿದುಹೋಗುವ ಕೆಲಸ. ಯಾರು ಯಾವ ಕಡೆಯಿಂದ ಬರುತ್ತಾರೆ ಅಂತ ಗೊತ್ತಿರುವುದಿಲ್ಲ. ಎಕ್ಸ್-ಪ್ರೊ2ರ ಗಾಜಿನಲ್ಲಿ ಚೌಕಟ್ಟಿನ ಆಚೆಯೂ ಕಾಣುವುದರಿಂದ, ಬಕೆಟ್ ಹಿಡಿದವರು ಎಡದಿಂದ ಬರುತ್ತಿರುವುದು ಮೊದಲೇ ತಿಳಿಯುತ್ತದೆ. ಕಾದು ಕ್ಲಿಕ್ ಮಾಡಬಹುದು. ಕ್ಲಿಕ್ ಮಾಡಿದ ಕ್ಷಣದಲ್ಲೂ ನೋಟ ಕಪ್ಪಾಗುವುದಿಲ್ಲ. ನನ್ನ ಎಕ್ಸ್-ಟಿ2 ಫೋಟೋಗಳಲ್ಲಿ ಹೊತ್ತು ತಪ್ಪಿದ್ದು ಈ ಅನುಕೂಲ ಇಲ್ಲದ್ದಕ್ಕೇ.

ಇನ್ನೂ ಒಂದಿದೆ. ವ್ಯೂಫೈಂಡರ್ ಎಡಮೂಲೆಯಲ್ಲಿದ್ದರೆ, ಬಲಗಣ್ಣಿಟ್ಟು ನೋಡುವವರ ಅರ್ಧ ಮುಖ ಕ್ಯಾಮೆರಾದ ಆಚೆ ಉಳಿಯುತ್ತದೆ. ಅಚ್ಚಿಗೆ ಬೆಲ್ಲ ತುಂಬುತ್ತಿದ್ದ ಹಿರಿಯರೊಬ್ಬರು ಎರಡೂ ಕ್ಯಾಮೆರಾ ನೋಡಿ ಹೇಳಿದರು: "ಇದ್ರಲ್ಲಾದ್ರೆ ನಿನ್ ಮೊಕ ಕಾಣ್ತದೆ ಕಣಪ್ಪ. ಅದ್ರಲ್ಲಿ ಬರೀ ಮಿಸಿನ್ನೇ ಕಾಣ್ತದೆ." ಜನರ ಫೋಟೋ ತೆಗೆಯುವವರಿಗೆ ಇದು ದೊಡ್ಡ ಮಾತು. ಎದುರಿಗಿರುವವರು ನಮ್ಮ ಕಣ್ಣು ನೋಡಿ ಮಾತಾಡುತ್ತಿದ್ದರೆ ಬಿಗುಮಾನ ಕರಗುತ್ತದೆ. ಎಡಗಣ್ಣಲ್ಲಿ ನೋಡುವವರಿಗೆ ಮಾತ್ರ ಈ ಲಾಭ ಇಲ್ಲ. ಕ್ಯಾಮೆರಾ ಮುಖವನ್ನು ಪೂರ್ತಿ ಮುಚ್ಚುತ್ತದೆ.

ಇಷ್ಟೆಲ್ಲ ಇದ್ದರೂ ನಾನು ಎಕ್ಸ್-ಪ್ರೊ2 ಕೊಳ್ಳಲಿಲ್ಲ. ಮೊದಲ ಕಾರಣ ನನ್ನ ಕನ್ನಡಕ.

ವ್ಯೂಫೈಂಡರ್ ಬಗ್ಗೆ ಎಲ್ಲರೂ ಮೊದಲು ಕೇಳುವುದು ಪರದೆಯಲ್ಲಿ ಎಷ್ಟು ಡಾಟ್, ಅಂದರೆ ಎಷ್ಟು ಚುಕ್ಕಿ ಅಂತ. ಈ ಎರಡರಲ್ಲೂ ಎಲೆಕ್ಟ್ರಾನಿಕ್ ಪರದೆಗೆ 23.6 ಲಕ್ಷ ಡಾಟ್. ಅಂಕಿ ಒಂದೇ, ನೋಟ ಒಂದೇ ಅಲ್ಲ. ನೋಡಬೇಕಾದ್ದು ಬೇರೆ ಎರಡು ಅಂಕಿಗಳನ್ನು. ಒಂದು ಮ್ಯಾಗ್ನಿಫಿಕೇಶನ್, ಅಂದರೆ ನೋಟ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಎಕ್ಸ್-ಟಿ2ರದ್ದು 0.77, ಎಕ್ಸ್-ಪ್ರೊ2ರ ಪರದೆಯದ್ದು 0.59. ಇನ್ನೊಂದು ಐ ಪಾಯಿಂಟ್. ಅಂದರೆ ಕಣ್ಣು ಗಾಜಿನಿಂದ ಎಷ್ಟು ದೂರ ಇದ್ದರೂ ನಾಲ್ಕೂ ಮೂಲೆ ಕಾಣುತ್ತದೆ ಅನ್ನುವ ಅಳತೆ. ಎಕ್ಸ್-ಟಿ2ರಲ್ಲಿ 23 ಎಂಎಂ, ಎಕ್ಸ್-ಪ್ರೊ2ರಲ್ಲಿ 16 ಎಂಎಂ. ಬರೀ 7 ಎಂಎಂ ತಾನೆ ಅನ್ನಿಸಬಹುದು. ಆದರೆ ಕನ್ನಡಕದ ಗಾಜು ಕಣ್ಣಿನ ಮುಂದೆ ಆಗಲೇ ಒಂದಷ್ಟು ಜಾಗ ತಿಂದಿರುತ್ತದೆ. ಎಕ್ಸ್-ಪ್ರೊ2ರಲ್ಲಿ ಚೌಕಟ್ಟಿನ ನಾಲ್ಕೂ ಮೂಲೆ ನೋಡಲು ನಾನು ಕನ್ನಡಕವನ್ನು ಕ್ಯಾಮೆರಾಕ್ಕೆ ಒತ್ತಬೇಕಿತ್ತು, ಆಮೇಲೂ ಕಣ್ಣನ್ನು ಆಕಡೆ ಈಕಡೆ ಹೊರಳಿಸಬೇಕಿತ್ತು. ಆಲೆಮನೆಯ ಸೆಕೆಯಲ್ಲಿ ಬೆವರು, ಆವಿ, ಸಿಪ್ಪೆಯ ಧೂಳು. ಒತ್ತಿದ ಸಲವೆಲ್ಲ ಗಾಜು ಮಬ್ಬಾಗುತ್ತಿತ್ತು, ಒರೆಸುತ್ತಿದ್ದೆ. ಎಕ್ಸ್-ಟಿ2ರಲ್ಲಿ ಸುಮ್ನೆ ಹತ್ತಿರ ಹಿಡಿದರೆ ಸಾಕು, ಎಲ್ಲ ಕಾಣುತ್ತದೆ.

ಕನ್ನಡಕವಿಲ್ಲದ ನನ್ನ ಗೆಳೆಯನಿಗೆ ಈ ತಾಪತ್ರಯ ಇಲ್ಲವೇ ಇಲ್ಲ. ಅವನು ಎಕ್ಸ್-ಪ್ರೊ2ರ ಆಪ್ಟಿಕಲ್ ಬಿಟ್ಟು ಬೇರೆ ನೋಡುವುದೇ ಅಪರೂಪ. ಅವನ ಕಣ್ಣಿಗೆ ಅದೇ ಸರಿ.

0.77 ಅನ್ನುವ ಅಂಕಿಯ ಅರ್ಥವನ್ನು ಕೈಯಾರೆ ತಿಳಿದುಕೊಳ್ಳಬಹುದು. ಫುಲ್ ಫ್ರೇಮ್ (ಇದಕ್ಕಿಂತ ದೊಡ್ಡ ಸೆನ್ಸರ್) ಲೆಕ್ಕದ 50 ಎಂಎಂ ಲೆನ್ಸ್ ಹಾಕಿದಾಗ, ಅಂದರೆ ಇಲ್ಲಿ ಸುಮಾರು 33 ಎಂಎಂ, ಎದುರಿನ ವಸ್ತು ಬರಿಗಣ್ಣಿಗೆ ಕಾಣುವ ಗಾತ್ರದ 0.77 ಪಟ್ಟು ಕಾಣುತ್ತದೆ ಅಂತ. ಹಾಗಾಗಿ 18-55 ಲೆನ್ಸನ್ನು 43 ಎಂಎಂ ಹತ್ತಿರ ತಿರುಗಿಸಿದರೆ ಒಳಗಿನದೂ ಹೊರಗಿನದೂ ಒಂದೇ ಗಾತ್ರವಾಗುತ್ತವೆ. ಎಕ್ಸ್-ಟಿ2 ಅಡ್ಡ ಹಿಡಿದಾಗ ಅದರ ಮೈ ಎಡಗಣ್ಣಿಗೆ ಅಡ್ಡ ಬರುತ್ತದೆ. ಆದರೆ ಹಿಡಿಕೆ ಮೇಲೆ ಬರುವಂತೆ ಉದ್ದಕ್ಕೆ ಹಿಡಿದರೆ ಎಡಗಣ್ಣು ಬಿಡುವಾಗುತ್ತದೆ. ಆಗ ಎರಡೂ ಕಣ್ಣು ಬಿಟ್ಟು ನೋಡಿದರೆ, ಬಲಗಣ್ಣಿನ ಚೌಕಟ್ಟಿನ ಸುತ್ತ ಎಡಗಣ್ಣಿನ ಲೋಕ ಸರಿಯಾಗಿ ಹೊಂದಿಕೊಳ್ಳುತ್ತದೆ. ಆಪ್ಟಿಕಲ್ ಬಿಟ್ಟುಕೊಟ್ಟ ನಷ್ಟವನ್ನು ನಾನು ತುಂಬಿಕೊಳ್ಳುವುದು ಹೀಗೆ. ಅಡ್ಡ ಫೋಟೋಗೆ ಬೇರೆ ದಾರಿ: ಬೇಕಾದ್ದಕ್ಕಿಂತ ಸ್ವಲ್ಪ ಅಗಲವಾಗಿ ತೆಗೆದು ಆಮೇಲೆ ಕ್ರಾಪ್ ಮಾಡುತ್ತೇನೆ. 24 ಮೆಗಾಪಿಕ್ಸೆಲ್‌ನಲ್ಲಿ ಅದಕ್ಕೆ ಧಾರಾಳ ಜಾಗ ಇದೆ.

ಎರಡನೇ ಕಾರಣ ಉದ್ದದ ಲೆನ್ಸ್. ರಂಗನತಿಟ್ಟಿನ ದೋಣಿಯಲ್ಲಿ 55-200 ಎಂಎಂ ಜೂಮ್ ಲೆನ್ಸ್ ಹಾಕಿ ಎರಡನ್ನೂ ನೋಡಿದೆ. ಆಪ್ಟಿಕಲ್ ಗಾಜಿನಲ್ಲಿ ಲೆನ್ಸ್ ಜೂಮ್ ಆದರೂ ನೋಟ ದೊಡ್ಡದಾಗುವುದಿಲ್ಲ, ಚೌಕಟ್ಟು ಚಿಕ್ಕದಾಗುತ್ತದೆ. ಒಳಗೆ ಎರಡು ಮ್ಯಾಗ್ನಿಫಿಕೇಶನ್ ಇವೆ, 0.36 ಮತ್ತು 0.60. ಮೊದಲನೆಯದು ಅಗಲದ ಲೆನ್ಸ್‌ಗೆ, ಎರಡನೆಯದು 35 ಎಂಎಂ ಮತ್ತು ಅದರಾಚೆಗೆ. ಉದ್ದ ಜೂಮ್‌ಗೆ 0.60 ಕೂಡ ಏನೂ ಸಾಲದು. ಬಂಡೆಯ ಮೇಲೆ ಮಲಗಿದ ಮೊಸಳೆ ಇರಲಿ, ಗೂಡಿನಲ್ಲಿ ನಿಂತ ಬಣ್ಣದ ಕೊಕ್ಕರೆ ಇರಲಿ, ನಡುವಿನ ಒಂದು ಪುಟ್ಟ ಡಬ್ಬಿಯೊಳಗೆ ಚುಕ್ಕಿಯಾಗುತ್ತದೆ. ಲಿವರ್ ತಿರುಗಿಸಿ ಎಲೆಕ್ಟ್ರಾನಿಕ್ ಮಾಡಿಕೊಳ್ಳಬಹುದು ನಿಜ. ಆದರೆ ಹಕ್ಕಿಗೆಲ್ಲ ಎಲೆಕ್ಟ್ರಾನಿಕ್ಕೇ ಬೇಕು ಅಂದಮೇಲೆ 0.59ಕ್ಕಿಂತ 0.77 ವಾಸಿ.

ದೇವರಾಜ ಮಾರ್ಕೆಟ್‌ನಲ್ಲಿ ಮಾತ್ರ ಮನಸ್ಸು ಎಕ್ಸ್-ಪ್ರೊ2 ಕಡೆಗೇ ವಾಲಿತು. ಹೂವಿನ ಸಾಲಿನಲ್ಲಿ ಜನ ಓಡಾಡುವಾಗ ಚೌಕಟ್ಟಿನ ಹೊರಗೂ ಕಾಣುವುದು ಎಂಥ ಸುಖ ಅಂತ ಅಲ್ಲಿ ಗೊತ್ತಾಗುತ್ತದೆ. 23 ಎಂಎಂ ಎಫ್2 ಲೆನ್ಸ್‌ನ ಮೂತಿ ಮುಂದಕ್ಕೆ ಸಣ್ಣಗಾಗಿದೆ, ಹಾಗಾಗಿ ಗಾಜಿನ ಕೆಳಮೂಲೆಯನ್ನು ಮರೆ ಮಾಡುವುದು ಕಮ್ಮಿ. 18-55 ಹಾಕಿದರೆ ಮರೆಯಾಗುವುದು ಜಾಸ್ತಿ. ಆದರೆ ಕುಂಕುಮದ ರಾಶಿಯ ಹತ್ತಿರಕ್ಕೆ ಹೋದರೆ ಆಪ್ಟಿಕಲ್ ಕೈಕೊಡುತ್ತದೆ. ಕಣ್ಣು ಒಂದು ಜಾಗದಿಂದ ನೋಡುತ್ತಿದೆ, ಲೆನ್ಸ್ ಇನ್ನೊಂದು ಜಾಗದಿಂದ. ದೂರದಲ್ಲಿ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಹತ್ತಿರದಲ್ಲಿ ಜಾಸ್ತಿ. ಶಟರ್ ಬಟನ್ ಅರ್ಧ ಒತ್ತಿದಾಗ ಚೌಕಟ್ಟು ತಾನಾಗಿ ಸರಿದು ಹೊಂದಿಸಿಕೊಳ್ಳುತ್ತದೆ, ಆದರೂ ತೀರಾ ಹತ್ತಿರ ನಂಬುವಂತಿಲ್ಲ. ಮೇಲಾಗಿ ಚೌಕಟ್ಟು ತೋರಿಸುವುದು ಫೋಟೋದ ಸುಮಾರು ಶೇಕಡ 92 ಭಾಗ ಮಾತ್ರ. ಅಂಚಿನಲ್ಲಿ ಪಕ್ಕದ ಅಂಗಡಿಯ ಪ್ಲಾಸ್ಟಿಕ್ ಬುಟ್ಟಿ ನುಸುಳುವುದು ಅದಕ್ಕೇ.

ಇನ್ನು ದಸರಾ. ಜಂಬೂಸವಾರಿಯ ಜನಜಂಗುಳಿಯಲ್ಲಿ ವ್ಯೂಫೈಂಡರ್‌ಗೆ ಕಣ್ಣಿಡಲು ಜಾಗ ಸಿಕ್ಕಿದರೆ ಪುಣ್ಯ. ಕ್ಯಾಮೆರಾ ತಲೆ ಮೇಲೆ ಎತ್ತಿ ತೆಗೆಯಬೇಕು. ಎಕ್ಸ್-ಟಿ2ರ ಹಿಂದಿನ ಪರದೆ ಬಾಗುತ್ತದೆ, ಎಕ್ಸ್-ಪ್ರೊ2ರದ್ದು ಬಾಗುವುದಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಎಕ್ಸ್-ಟಿ2 ತಗೊಂಡ ಮೇಲೆ ಆಲೆಮನೆಗೆ ತಕ್ಕಂತೆ ಕೆಲವು ಸೆಟ್ಟಿಂಗ್ ಬದಲಿಸಿದೆ. ಮೆನುವಿನಲ್ಲಿ ಪ್ರಿವ್ಯೂ ಪಿಕ್ಚರ್ ಎಫೆಕ್ಟ್ ಅಂತ ಒಂದಿದೆ. ಅದನ್ನು ಆಫ್ ಮಾಡಿದರೆ ಫಿಲ್ಮ್ ಸಿಮ್ಯುಲೇಶನ್‌ನ (ಹಳೆಯ ಫಿಲ್ಮ್‌ಗಳಂತೆ ಬಣ್ಣ ಕೊಡುವ ಸೆಟ್ಟಿಂಗ್) ಗಾಢತೆ ವ್ಯೂಫೈಂಡರ್‌ನಲ್ಲಿ ಕಾಣುವುದಿಲ್ಲ, ನೆರಳಿನಲ್ಲಿರುವ ಮುಖಗಳು ಬಿಚ್ಚಿಕೊಳ್ಳುತ್ತವೆ. ಕತ್ತಲಲ್ಲಿ ಮುಖಭಾವ ಕಾಣುವುದಿಲ್ಲ ಅನ್ನುವ ಕೊರತೆ ಇದರಿಂದ ಎಷ್ಟೋ ಕಮ್ಮಿಯಾಯಿತು. ಹಿಂದಿನ ಪರದೆ ಬಿಟ್ಟು ವ್ಯೂಫೈಂಡರ್ ಮಾತ್ರ, ಅದೂ ಕಣ್ಣು ಹತ್ತಿರ ಬಂದಾಗ ಮಾತ್ರ ಹೊತ್ತಿಕೊಳ್ಳುವಂತೆ ಇಟ್ಟಿದ್ದೇನೆ. ಬ್ಯಾಟರಿ ಉಳಿಯುತ್ತದೆ. ಕಣ್ಣಿನ ಸೆನ್ಸರ್ ಮೇಲೆ ಸಿಪ್ಪೆಯ ಧೂಳು ಕೂರದಂತೆ ಆಗಾಗ ಊದುತ್ತಿರಬೇಕು, ಅಷ್ಟೆ.

ವ್ಯೂಫೈಂಡರನ್ನು ನಮ್ಮ ಕಣ್ಣಿನ ಪವರ್‌ಗೆ ಹೊಂದಿಸುವ ಡಯಾಪ್ಟರ್ ಗುಬ್ಬಿಯನ್ನು ಎದುರಿನ ದೃಶ್ಯ ನೋಡಿಕೊಂಡು ಹೊಂದಿಸಬಾರದು. ವ್ಯೂಫೈಂಡರ್ ಒಳಗೆ ಕಾಣುವ ಅಂಕಿ ಅಕ್ಷರಗಳು ಚೂಪಾಗುವವರೆಗೆ ತಿರುಗಿಸಬೇಕು, ಫೋಟೋ ತೆಗೆಯುವಾಗ ಹಾಕುವ ಕನ್ನಡಕ ಹಾಕಿಕೊಂಡೇ. ಪ್ರೊಗ್ರೆಸಿವ್ ಕನ್ನಡಕದವರು (ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು ಇರುವವರು) ದೂರ ನೋಡುವ ಮೇಲಿನ ಭಾಗದಿಂದ ನೋಡಬೇಕು.

ಹಳೆಯ ಕ್ಯಾಮೆರಾ ಕೊಳ್ಳುವಾಗ ವ್ಯೂಫೈಂಡರನ್ನು ಮರೆಯದೆ ಪರೀಕ್ಷಿಸಿ. ಲೆನ್ಸ್‌ಗೆ ಮುಚ್ಚಳ ಹಾಕಿ ಕಪ್ಪು ಪರದೆ ನೋಡಿದರೆ ಕೆಟ್ಟ ಚುಕ್ಕಿಗಳಲ್ಲಿ ಸದಾ ಹೊಳೆಯುವವು ಕಾಣುತ್ತವೆ. ಬಿಳೀ ಗೋಡೆ ನೋಡಿದರೆ ಕಪ್ಪು ಚುಕ್ಕಿ, ಸುಟ್ಟ ಕಲೆ ಕಾಣುತ್ತವೆ. ಕ್ಯಾಮೆರಾದ ಬೆನ್ನನ್ನು ಬಿಸಿಲಿಗೆ ಮಾಡಿ ಇಟ್ಟರೆ ಕಣ್ಣಿನ ಗಾಜು ಬಿಸಿಲನ್ನು ಒಂದೆಡೆ ಸೇರಿಸಿ ಒಳಗಿನ ಪರದೆಯನ್ನು ಸುಡಬಲ್ಲದು. ಕಬ್ಬಿನ ಗದ್ದೆಯಲ್ಲಿ ಬದುವಿನ ಮೇಲೆ ಕ್ಯಾಮೆರಾ ಇಡುವಾಗಲೂ ಇದು ನೆನಪಿರಲಿ. ಎಕ್ಸ್-ಪ್ರೊ2 ಕೊಳ್ಳುವವರು ಲಿವರನ್ನು ಎರಡೂ ಕಡೆಗೆ ತಿರುಗಿಸಿ, ಎಲೆಕ್ಟ್ರಾನಿಕ್‌ನಿಂದ ಆಪ್ಟಿಕಲ್‌ಗೆ ತಡವಿಲ್ಲದೆ ಬದಲಾಗುತ್ತದಾ, 0.36 ಮತ್ತು 0.60 ಎರಡೂ ಬರುತ್ತವಾ ಅಂತ ನೋಡಿ. ಕನ್ನಡಕ ಇದ್ದವರು ಅಂಗಡಿಯಲ್ಲೇ ಕನ್ನಡಕ ಹಾಕಿಕೊಂಡು, 23 ಎಂಎಂ ಲೆನ್ಸ್ ಹಾಕಿಸಿ, ಚೌಕಟ್ಟಿನ ನಾಲ್ಕು ಮೂಲೆಯೂ ಒಟ್ಟಿಗೆ ಕಾಣುತ್ತವಾ ಅಂತ ನೋಡಿ ಆಮೇಲೆ ದುಡ್ಡು ಕೊಡಿ.