ಬೋದಿನೊಳಗೆ ಕೈ, ಎಲೆಯ ಅಡಿಗೆ ಕಣ್ಣು: ಬಟಾಟೆ ಹೊಲವನ್ನು ವಾರವಾರ ನೋಡುವ ಬಗೆ

ಪುಣೆಯಿಂದ ಚಾಕಣ, ರಾಜಗುರುನಗರ ದಾಟಿ ನಾಶಿಕದ ಹೆದ್ದಾರಿಯಲ್ಲಿ ಮಂಚರದ ಕಡೆಗೆ ಹೊರಟರೆ ಡಿಸೆಂಬರಿನಲ್ಲಿ ರಸ್ತೆಯ ಎರಡೂ ಬದಿಗೆ ಈರುಳ್ಳಿಯ ಮಡಿಗಳ ನಡುನಡುವೆ ಬಟಾಟೆಯ ಬೋದುಗಳು, ಅಂದರೆ ಮಣ್ಣೇರಿಸಿದ ಏರುಸಾಲುಗಳು, ಕಾಣುತ್ತವೆ. ಇಲ್ಲಿ ಭೂಮಿಯನ್ನು ಲಾವಣಿ (ಗೇಣಿ) ಹಿಡಿದು ಬಟಾಟೆ ಹಾಕುವ ವಿಜಯಪುರ, ಕಲಬುರಗಿ ಕಡೆಯ ಕೆಲವು ಕುಟುಂಬಗಳನ್ನು ನಾನು ಬಲ್ಲೆ. ಬಿಳಿಜೋಳ, ತೊಗರಿ ಬೆಳೆದು ಪಳಗಿದ ಕೈಗಳು ಅವು. ಎರೆಮಣ್ಣಿನ ಗುಣ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಬಟಾಟೆಯಲ್ಲಿ ಅವರು ಎಡವುವುದನ್ನು ಕಂಡಿದ್ದೇನೆ. ಅದಕ್ಕೆ ಕಾರಣ ಬೇರಿನಲ್ಲಿದೆ. ಹಿಂಗಾರಿ ಜೋಳ ಬೇರನ್ನು ಆಳಕ್ಕೆ ಇಳಿಸಿ, ಎರೆಯ ತಳದ ತೇವದಲ್ಲೇ ತೆನೆ ಕಟ್ಟುತ್ತದೆ. ಬಟಾಟೆಯ ಬೇರು ಬಹುಪಾಲು ಮೇಲಿನ ಒಂದು, ಒಂದೂವರೆ ಅಡಿಯಲ್ಲೇ ಹರಡಿಕೊಂಡಿರುತ್ತದೆ. ಕೆಳಗೆ ಎಷ್ಟು ತೇವವಿದ್ದರೂ ಅದರ ಪಾಲಿಗೆ ಇಲ್ಲದಂತೆಯೇ. ಹಾಗೆಂದು ಹೆದರಿ ನೀರು ಹೆಚ್ಚು ಬಿಟ್ಟರೆ ಗಡ್ಡೆಗೆ ಉಸಿರುಕಟ್ಟುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀರಿನ ಲೆಕ್ಕ ಬೇರೆ, ಕೀಟದ ಲೆಕ್ಕ ಬೇರೆ ಎಂದುಕೊಂಡವರು ಎರಡರಲ್ಲೂ ಸೋಲುತ್ತಾರೆ. ಎರೆಮಣ್ಣು ಒಣಗಿ ಬೋದು ಬಿರುಕು ಬಿಟ್ಟರೆ ಆ ಬಿರುಕೇ ಗಡ್ಡೆ ಕೊರೆಯುವ ಹುಳುವಿಗೆ ಬಾಗಿಲು. ನೀರು ಹೆಚ್ಚಾಗಿ ಗಿಡದ ಬುಡ ಸದಾ ಒದ್ದೆಯಾಗಿದ್ದರೆ ಎಲೆ ಸುಡುವ ಅಂಗಮಾರಿ ರೋಗಕ್ಕೆ ಹಾಸಿಗೆ ಹಾಸಿಕೊಟ್ಟಂತೆ. ಆದ್ದರಿಂದ ಎರಡನ್ನೂ ಒಂದೇ ಸುತ್ತಿನಲ್ಲಿ ನೋಡಬೇಕು. ವಾರಕ್ಕೆ ಎರಡು ಬೆಳಗು, ಎಕರೆಗೆ ಮುಕ್ಕಾಲು ಗಂಟೆ ಸಾಕು.

ಹೊಲಕ್ಕೆ ಹೋಗುವ ಮುನ್ನ

ಒಂದು ಸಣ್ಣ ಕುರ್ಪಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ವಹಿ, ಪೆನ್ಸಿಲ್. ಹೊಲದ ಬಯಲಿನಲ್ಲಿ ಒಂದು ನೇರ ಗೋಡೆಯ ಡಬ್ಬಿಯನ್ನು ಗೂಟಕ್ಕೆ ಕಟ್ಟಿಡಿ. ಮಳೆ ಬಿದ್ದ ಮರುದಿನ ಬೆಳಿಗ್ಗೆ ಅದರಲ್ಲಿ ನಿಂತ ನೀರನ್ನು ಸ್ಕೇಲಿನಿಂದ ಅಳೆದರೆ ಎಷ್ಟು ಮಿಲಿಮೀಟರ್ ಬಿತ್ತೆಂಬುದು ಗೊತ್ತಾಗುತ್ತದೆ. ಪುಣೆಯಲ್ಲಿ ಮಳೆಯಾದರೆ ಮಂಚರದಲ್ಲೂ ಆಗಿರಬೇಕೆಂದಿಲ್ಲ. ಪಕ್ಕದ ಊರಿನ ಮಳೆಯನ್ನೂ ನಂಬಬೇಡಿ.

ಮೊಬೈಲಿನಲ್ಲಿ ‘ಮೇಘದೂತ್’ ಆ್ಯಪ್ ಇರಲಿ. ಹವಾಮಾನ ಇಲಾಖೆ, ಪುಣೆಯದೇ ಆದ ಉಷ್ಣವಲಯ ಹವಾಮಾನ ಸಂಸ್ಥೆ ಮತ್ತು ಕೃಷಿ ಸಂಶೋಧನಾ ಮಂಡಳಿ ಸೇರಿ 2019ರಲ್ಲಿ ತಂದ ಆ್ಯಪ್ ಇದು. ಮಂಗಳವಾರ ಮತ್ತು ಶುಕ್ರವಾರ ಬರುವ ಜಿಲ್ಲಾವಾರು ಮುನ್ಸೂಚನೆಯನ್ನು ಓದಿ ಹೊಲಕ್ಕೆ ಹೋಗುವ ದಿನವನ್ನು ಗೊತ್ತುಮಾಡಿಕೊಳ್ಳಿ.

ಮೊದಲ ಕೆಲಸ: ಮಣ್ಣಿನ ಹದ ಹಿಡಿದು ನೋಡುವುದು

ಎಂಟು ದಿನಕ್ಕೊಮ್ಮೆ ನೀರು ಎಂಬ ವಾಡಿಕೆ ಇಲ್ಲಿ ಬಹಳ ಜನರಲ್ಲಿದೆ. ಒಂದು ವರ್ಷ ನಾನೂ ಅದನ್ನೇ ನಂಬಿದ್ದೆ. ಡಿಸೆಂಬರಿನಲ್ಲಿ ಅಕಾಲದ ಮಳೆ ಬಂತು. ಮೂರನೆಯ ದಿನ ಎಂಟರ ಸರದಿ ಬಂತೆಂದು ಕಾಲುವೆಯ ನೀರನ್ನೂ ಬಿಟ್ಟೆ. ಹೊಲದ ಇಳಿಜಾರಿನ ತುದಿಯ ಸಾಲುಗಳಲ್ಲಿ ಗಡ್ಡೆ ಕೊಳೆಯಿತು. ಕಿತ್ತು ನೋಡಿದಾಗ ಉಳಿದ ಗಡ್ಡೆಗಳ ಸಿಪ್ಪೆಯ ಮೇಲೆ ಎಳ್ಳಿನಂಥ ಬಿಳಿ ಗುಳ್ಳೆಗಳು. ಗಡ್ಡೆ ಉಸಿರಾಡುವ ರಂಧ್ರಗಳು ನೀರು ಹೆಚ್ಚಾದಾಗ ಹಾಗೆ ಬಾಯಿ ತೆರೆಯುತ್ತವೆ. ಆ ಗುಳ್ಳೆ ಕಂಡರೆ ನೀರು ಮಿತಿ ಮೀರಿದೆ ಎಂದೇ ಅರ್ಥ. ಅಂದಿನಿಂದ ನಾನು ದಿನ ಎಣಿಸುವುದನ್ನು ಬಿಟ್ಟಿದ್ದೇನೆ.

ಸಾಲಿನ ತಲೆ, ನಡು, ತುದಿ, ಹೀಗೆ ಮೂರು ಕಡೆ ನಿಲ್ಲಿ. ಬದುವಿನ ಪಕ್ಕದ ಸಾಲು ಬೇಡ, ಅದು ಯಾವಾಗಲೂ ಸುಳ್ಳು ಹೇಳುತ್ತದೆ. ಬೋದಿನ ಪಕ್ಕದಿಂದ ಕುರ್ಪಿ ಹಾಕಿ ಒಂದು ಗೇಣು ಆಳದ ಮಣ್ಣನ್ನು ಹಿಡಿ ತುಂಬ ತೆಗೆದು ಬಿಗಿಯಾಗಿ ಅದುಮಿ. ಉಂಡೆ ಕಟ್ಟಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿದಾಗ ಮಣ್ಣು ಪಟ್ಟಿಯಂತೆ ಸುಲಭವಾಗಿ ಹೊರಬಂದರೆ ಇನ್ನೂ ನೀರು ಬೇಡ. ಉಂಡೆಯೇನೋ ಕಟ್ಟುತ್ತದೆ, ಆದರೆ ಪಟ್ಟಿ ಬೆರಳಿನ ಅಗಲವೂ ಬೆಳೆಯದೆ ಮುರಿಯತೊಡಗುತ್ತದೆ ಎಂದಾದರೆ ಅದೇ ಸಮಯ, ಅಂದೇ ಅಥವಾ ಮರುದಿನ ನೀರು ಕೊಡಿ. ಉಂಡೆಯೇ ಕಟ್ಟದೆ ಉದುರಿದರೆ ತಡವಾಗಿದೆ. ಇದು ಎರೆಮಣ್ಣಿನ ಮಾತು. ಮರಳು ಬೆರೆತ ಮಸಾರಿಯಲ್ಲಿ ಪಟ್ಟಿ ಬರುವುದೇ ಇಲ್ಲ. ಅಲ್ಲಿ ಉಂಡೆಯನ್ನು ಅಂಗೈಯಲ್ಲಿ ಎರಡು ಬಾರಿ ಹಾರಿಸಿ ಹಿಡಿಯಿರಿ. ಒಡೆದರೆ ನೀರು ಬೇಕು.

ನಮ್ಮ ರೈತರು ‘ಹದ’ ಎನ್ನುವುದನ್ನು ಇಲ್ಲಿಯ ಮರಾಠಿ ರೈತರು ‘ವಾಫಸಾ’ ಎನ್ನುತ್ತಾರೆ. ಎರಡೂ ಪದಗಳಿಗೆ ಒಂದೇ ಅರ್ಥ: ಮಣ್ಣಿನಲ್ಲಿ ನೀರೂ ಇರಬೇಕು, ಗಾಳಿಯೂ ಆಡಬೇಕು. ಈ ಪದ ಗೊತ್ತಿದ್ದರೆ ಪಕ್ಕದ ಹೊಲದ ಹಿರಿಯರೊಡನೆ ಅರ್ಧ ಕೃಷಿಪಾಠ ಆದಂತೆ.

ಯಾವಾಗ ಎಷ್ಟು

ನೆಟ್ಟು ಮೊಳಕೆ ಬರುವವರೆಗೆ ಕೈ ಬಿಗಿ ಹಿಡಿಯಿರಿ. ಬೀಜದ ಗಡ್ಡೆಯಲ್ಲೇ ನೀರಿದೆ. ಕೆಸರಾದರೆ ಅದು ಕೊಳೆಯುತ್ತದೆ. ನಿಜವಾಗಿ ಕಣ್ಣಿಡಬೇಕಾದದ್ದು ಸುಮಾರು 25ರಿಂದ 45ನೆಯ ದಿನದವರೆಗೆ. ಮಣ್ಣಿನೊಳಗೆ ದಾರದಂಥ ಕುಡಿಗಳು ಹೊರಟು, ಅವುಗಳ ತುದಿ ಗುಂಡುಸೂಜಿಯ ತಲೆಯಷ್ಟು ಉಬ್ಬುವ ಹೊತ್ತು ಅದು. ಒಂದು ಗಿಡದ ಬುಡವನ್ನು ಮೆಲ್ಲನೆ ಬಿಡಿಸಿ ನೋಡಿ, ಕಣ್ಣಿಗೇ ಕಾಣುತ್ತದೆ. ಆಗ ನೀರು ತಪ್ಪಿದರೆ ಗಡ್ಡೆಗಳ ಸಂಖ್ಯೆಯೇ ಕಡಿಮೆಯಾಗುತ್ತದೆ, ಸಿಪ್ಪೆಗೆ ಕಜ್ಜಿ ರೋಗವೂ ಹತ್ತುತ್ತದೆ. ಆಮೇಲೆ ಗಡ್ಡೆ ದಪ್ಪವಾಗುವ ಕಾಲದಲ್ಲಿ ಒಮ್ಮೆ ಒಣಗಿಸಿ ಒಮ್ಮೆ ತುಂಬ ಹರಿಸಿದರೆ ಗಡ್ಡೆ ಸೀಳುತ್ತದೆ, ಅಥವಾ ಗಂಟುಗಂಟಾಗಿ ವಿಕಾರವಾಗುತ್ತದೆ. ಪುಣೆಯ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಅಂಥ ಚೀಲಕ್ಕೆ ದರ ಸಿಗುವುದಿಲ್ಲ.

ಸಾಲಿನಲ್ಲಿ ಹರಿಸುವವರು ನೀರನ್ನು ಬೋದಿನ ಅರ್ಧ ಎತ್ತರಕ್ಕೆ ನಿಲ್ಲಿಸಲಿ. ಬೋದಿನ ನೆತ್ತಿ ಮುಳುಗಬಾರದು, ತೇವ ಪಕ್ಕದಿಂದ ಹೀರಿಕೊಂಡು ಏರಬೇಕು. ರಾತ್ರಿ ಪಾಳಿಯ ಕರೆಂಟಿಗೆ ಪಂಪ್ ಹಾಕಿ ಮಲಗಿಬಿಡುವುದರಿಂದ ಆಗುವ ಹಾನಿ ಸಣ್ಣದಲ್ಲ. ಸಾಧ್ಯವಿದ್ದರೆ ಟೈಮರ್ ಹಾಕಿಸಿ.

ಹನಿ ನೀರಾವರಿ ಇದ್ದವರಿಗೆ ಲೆಕ್ಕ ಸುಲಭ. ಒಂದು ಮಿಲಿಮೀಟರ್ ನೀರು ಎಂದರೆ ಎಕರೆಗೆ ಸುಮಾರು 4,000 ಲೀಟರ್. ದಿನದ ಬಾಷ್ಪೀಕರಣದ, ಅಂದರೆ ಮಣ್ಣು ಮತ್ತು ಎಲೆಯಿಂದ ಆರಿಹೋಗುವ ನೀರಿನ, ಮೂಲ ಅಂಕಿ 4 ಮಿ.ಮೀ. ಎಂದಿಟ್ಟುಕೊಳ್ಳಿ. ಗಿಡ ಚಿಕ್ಕದಿದ್ದಾಗ ಅದರ ಅರ್ಧ, ಅಂದರೆ 2 ಮಿ.ಮೀ. ಸಾಕು. ಎಲೆ ಸಾಲು ಮುಚ್ಚಿದ ಮೇಲೆ 1.15 ಪಟ್ಟು, ಅಂದರೆ 4.6 ಮಿ.ಮೀ. ಬೇಕು. ಎಲೆ ಹಳದಿಯಾಗತೊಡಗಿದಾಗ ಮೂಲ ಅಂಕಿಯ ಮುಕ್ಕಾಲು ಪಾಲಿಗೆ ಇಳಿಸಿ. ಪೈಪಿನ ಸಾಲುಗಳ ನಡುವೆ 90 ಸೆಂ.ಮೀ., ಹನಿಗಳ ನಡುವೆ 30 ಸೆಂ.ಮೀ. ಅಂತರವಿದ್ದು, ಹನಿಯೊಂದು ಗಂಟೆಗೆ 2 ಲೀಟರ್ ಬಿಡುವುದಾದರೆ ಗಂಟೆಗೆ 7.4 ಮಿ.ಮೀ. ನೀರು ಬಿದ್ದಂತಾಯಿತು. ಹಾಗಾಗಿ ತುಂಬು ಬೆಳೆಗೂ ದಿನಕ್ಕೆ 40 ನಿಮಿಷ ಸಾಕು. ಮಳೆಯಾದರೆ ಡಬ್ಬಿಯ ಅಂಕಿಯನ್ನು ಕಳೆಯಿರಿ. ಇಷ್ಟಾದ ಮೇಲೂ ಕುರ್ಪಿ ಬಿಡಬೇಡಿ. ಲೆಕ್ಕಕ್ಕೂ ಹಿಡಿಮಣ್ಣಿಗೂ ಜಗಳ ಬಂದರೆ ನಾನು ಮಣ್ಣಿನ ಪರ.

ಈ ಹೊಲಗಳಿಗೆ ಡಿಂಭೆ ಅಣೆಕಟ್ಟಿನಿಂದ ಬರುವ ನೀರು ಘೋಡ ನದಿಯದು. ಘೋಡ ಸೇರುವುದು ಭೀಮೆಯನ್ನು. ಆ ಭೀಮೆಯೇ ಮುಂದೆ ನಮ್ಮ ಇಂಡಿ, ಅಫಜಲಪುರದ ಪಕ್ಕ ಹರಿಯುತ್ತಾಳೆ. ಇಲ್ಲಿ ಅನಗತ್ಯವಾಗಿ ಹರಿಸಿದ ನೀರು ಯಾರ ಪಾಲಿನದು ಎಂಬುದು ಲಾವಣಿಗೆ ಬಂದ ನಮ್ಮವರಿಗೆ ಬೇಗ ಅರ್ಥವಾಗುತ್ತದೆ.

ಎರಡನೆಯ ಕೆಲಸ: ಎಲೆಯ ಅಡಿ ನೋಡುವುದು

ಇಬ್ಬನಿ ಆರುವ ಮುನ್ನ ಹೊಲಕ್ಕೆ ಇಳಿಯಿರಿ. ನೇರ ನಡೆಯದೆ ಅಡ್ಡಡ್ಡ ನಡೆದು, ದೂರ ದೂರದ 34 ಗಿಡಗಳಲ್ಲಿ ತಲಾ ಮೂರು ಎಲೆ ನೋಡಿ: ಮೇಲಿನದೊಂದು, ನಡುವಿನದೊಂದು, ಕೆಳಗಿನದೊಂದು. ಅಲ್ಲಿಗೆ ನೂರು ಎಲೆಗಳ ಲೆಕ್ಕ ಸಿಕ್ಕಿತು. ಗಿಡಹೇನುಗಳ ಸಂಖ್ಯೆ ಈ ನೂರು ಎಲೆಗಳಲ್ಲಿ 20 ದಾಟಿದರೆ ಬೀಜಕ್ಕೆಂದು ಬೆಳೆಯುವ ಹೊಲದಲ್ಲಿ ಅದು ಅಪಾಯದ ಗೆರೆ, ಏಕೆಂದರೆ ಹೇನು ವೈರಸ್ ಹೊತ್ತು ತರುತ್ತದೆ. ಮಾರಾಟದ ಬೆಳೆಗೆ ಅಷ್ಟು ಆತಂಕ ಬೇಡ. ಗುಲಗಂಜಿ ಹುಳುಗಳು ಓಡಾಡುತ್ತಿದ್ದರೆ ಅವು ಹೇನನ್ನು ತಿಂದು ಮುಗಿಸಲು ನಾಲ್ಕು ದಿನ ಬಿಟ್ಟುಕೊಡಿ. ಮೇಲಿನ ಎಲೆಗಳು ಕೆಳಕ್ಕೆ ಮುರುಟಿ, ಅಡಿಭಾಗ ಎಣ್ಣೆ ಸವರಿದ ಕಂಚಿನಂತೆ ಹೊಳೆದರೆ ಅದು ಹಳದಿ ನುಸಿ. ಭೂತಗನ್ನಡಿ ಇಲ್ಲದೆ ಕಾಣುವುದಿಲ್ಲ. ಅದಕ್ಕೆ ಗಂಧಕ ನಾಟುತ್ತದೆ, ಹೇನಿನ ಔಷಧಿ ನಾಟುವುದಿಲ್ಲ.

ಅಂಗಮಾರಿಯ ವಿಷಯದಲ್ಲಿ ಮಾತ್ರ ಕಾಯುವ ಮಾತಿಲ್ಲ. ಎಲೆಯ ಅಂಚಿನಲ್ಲಿ ನೀರು ತಾಗಿದಂಥ ಕಡುಬಣ್ಣದ ಮಚ್ಚೆ, ಅಡಿಯಲ್ಲಿ ಮಚ್ಚೆಯ ಸುತ್ತ ಬಿಳಿ ಬೂಷ್ಟು. ಬೆಳಗಿನ ತೇವದಲ್ಲಿ ಮಾತ್ರ ಅದು ಸ್ಪಷ್ಟ, ಹತ್ತು ಗಂಟೆಗೆ ಹೋದರೆ ಮಾಯ. ಬಿಸಿಲು ಕಾಣದ ಮೋಡದ ದಿನಗಳು, 10ರಿಂದ 20 ಡಿಗ್ರಿಯ ತಂಪು, 90 ಶೇಕಡಾ ದಾಟಿದ ತೇವ ಸೇರಿದರೆ ಕೆಲವೇ ದಿನಗಳಲ್ಲಿ ಹೊಲ ಸುಟ್ಟಂತಾಗುತ್ತದೆ. 1845ರಲ್ಲಿ ಐರ್ಲೆಂಡಿನ ಬೆಳೆಯನ್ನು ನುಂಗಿದ್ದೂ ಇದೇ ರೋಗ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಎಂಬ ಬಟಾಟೆ ತಳಿ ಆಗ ಇದನ್ನು ತಡೆದುಕೊಳ್ಳುತ್ತಿತ್ತು, ಈಗ ಅದೂ ತುತ್ತಾಗುತ್ತದೆ. ಮುನ್ಸೂಚನೆಯಲ್ಲಿ ಮೋಡ ಮತ್ತು ಮಳೆ ಕಂಡ ದಿನವೇ, ರೋಗ ಬರುವ ಮೊದಲೇ, ಲೀಟರಿಗೆ 2ರಿಂದ 2.5 ಗ್ರಾಂ ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಬೆರೆಸಿ ಎಲೆಯ ಅಡಿಯೂ ನೆನೆಯುವಂತೆ ಸಿಂಪಡಿಸಿ. ನೀರು ಬಿಡುವುದನ್ನು ಅಂದೇ ನಿಲ್ಲಿಸಿ. ಸ್ಪ್ರಿಂಕ್ಲರ್ ಇದ್ದರಂತೂ ಸಂಜೆಯ ಹೊತ್ತು ಮುಟ್ಟಲೇಬೇಡಿ.

ಅಂಗಡಿಯಲ್ಲಿ ಒಂದು ಎಚ್ಚರ. ಮರಾಠಿಯಲ್ಲಿ ‘ಕರಪಾ’ ಎಂದಷ್ಟೇ ಹೇಳಿದರೆ ಯಾವ ಮಚ್ಚೆ ರೋಗವೂ ಆಗಬಹುದು. ಅಂಗಮಾರಿ ‘ಉಶಿರಾ ಯೇಣಾರಾ ಕರಪಾ’. ಹಳೆಯ ಎಲೆಗಳಲ್ಲಿ ಒಣಗಿದ ಕಂದು ಮಚ್ಚೆ, ಅದರೊಳಗೆ ಬಳೆಯೊಳಗೆ ಬಳೆ ಇಟ್ಟಂಥ ಉಂಗುರಗಳು ಕಂಡರೆ ಅದು ‘ಲವಕರ ಯೇಣಾರಾ ಕರಪಾ’. ಹೇನಿಗೆ ‘ಮಾವಾ’, ಮಣ್ಣಿನೊಳಗೆ ಬೇರು ತಿನ್ನುವ ಗೊಣ್ಣೆ ಹುಳುವಿಗೆ ‘ಹುಮಣೀ’. ಸಾಧ್ಯವಾದರೆ ಎಲೆಯನ್ನೇ ಚೀಲದಲ್ಲಿ ಒಯ್ಯಿರಿ. ಡಬ್ಬಿಯ ಮೇಲಿನ ತ್ರಿಕೋನ ಕೆಂಪಿದ್ದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಸಿಂಪಡಿಸಿದ ಮೇಲೆ ಎಷ್ಟು ದಿನ ಕಳೆದು ಕೀಳಬೇಕೆಂಬುದನ್ನೂ ಅಲ್ಲೇ ಬರೆದಿರುತ್ತಾರೆ. ಓದದೆ ಮುಚ್ಚಳ ತೆರೆಯಬೇಡಿ.

ಗಿಡ ಹಸಿರಾಗಿರುವಾಗಲೇ ಥಟ್ಟನೆ ಬಾಡಿದರೆ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಹಾಕಿ. ಹಾಲಿನಂಥ ಎಳೆ ಇಳಿದರೆ ದುಂಡಾಣು ಸೊರಗು ರೋಗ. ಅದಕ್ಕೆ ಔಷಧಿಯಿಲ್ಲ. ಗಿಡ ಕಿತ್ತು ಹೊರಗೆ ಒಯ್ದು ಸುಡಿ, ಆ ಸಾಲಿನ ನೀರು ಬೇರೆ ಸಾಲಿಗೆ ಹರಿಯದಂತೆ ತಡೆಯಿರಿ. ಎಳೆಯ ಗಿಡ ಬುಡದಲ್ಲಿ ಕತ್ತರಿಸಿ ಬಿದ್ದಿದ್ದರೆ ಸುತ್ತಲಿನ ಮಣ್ಣು ಕೆದಕಿ. ಕತ್ತರಿ ಹುಳು ಸುರುಳಿ ಸುತ್ತಿ ಅಲ್ಲೇ ಮಲಗಿರುತ್ತದೆ.

ಮೂರನೆಯದು: ಗಡ್ಡೆಯ ಪತಂಗ

ಈ ಪ್ರಸ್ಥಭೂಮಿಯಲ್ಲಿ ಬಟಾಟೆಯ ದೊಡ್ಡ ವೈರಿ ಇದೇ. ಕಳೆದ ಶತಮಾನದ ಆರಂಭದಲ್ಲಿ ಬೀಜದ ಗಡ್ಡೆಯೊಡನೆ ಹೊರದೇಶದಿಂದ ಮುಂಬಯಿ ಪ್ರಾಂತ್ಯಕ್ಕೆ ಬಂದು ಇಲ್ಲೇ ನೆಲೆಯೂರಿತು. ಬೂದುಬಣ್ಣದ ಸಣ್ಣ ಪತಂಗ, ಸಂಜೆಗೆ ಹಾರುತ್ತದೆ. ಮೊದಲು ಎಲೆಯ ಎರಡು ಪದರಗಳ ನಡುವೆ ಮರಿ ಹುಳು ಕೊರೆದು ತೆಳ್ಳನೆ ಗುಳ್ಳೆಯಂಥ ಗುರುತು ಬಿಡುತ್ತದೆ. ಆಮೇಲೆ ಬಿರುಕಿನಲ್ಲಿ ಇಣುಕುವ ಗಡ್ಡೆಯ ಕಣ್ಣಿನ ಬಳಿ ಮೊಟ್ಟೆ. ಗಡ್ಡೆಯ ಕಣ್ಣಿನಲ್ಲಿ ಕಪ್ಪು ಹಿಕ್ಕೆ ಕಂಡರೆ ಹುಳು ಒಳಗೆ ಇಳಿದಾಗಿದೆ, ಮೇಲಿನ ಯಾವ ಸಿಂಪಡಣೆಯೂ ಅದನ್ನು ಮುಟ್ಟದು.

ಇದನ್ನು ಗೆಲ್ಲುವ ದಾರಿ ಮಣ್ಣೇ. ನೆಡುವಾಗಲೇ 10 ಸೆಂ.ಮೀ. ಆಳಕ್ಕೆ ಹಾಕಿ. ಸುಮಾರು ತಿಂಗಳಿಗೆ ಬುಡಕ್ಕೆ ಮಣ್ಣು ಏರಿಸಿ. ಆಮೇಲೆ ಪ್ರತಿ ಸುತ್ತಿನಲ್ಲೂ ಬಿರುಕು ಹುಡುಕಿ ಕಾಲಿನಿಂದಲೇ ಮುಚ್ಚುತ್ತ ನಡೆಯಿರಿ. ಎಕರೆಗೆ ಎಂಟು ಮೋಹಕ ಬಲೆಗಳನ್ನು (ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಫೆರೊಮೋನ್ ಬಲೆ) ಗಿಡದ ಎತ್ತರಕ್ಕೆ ಕಟ್ಟಿ, ಬಿದ್ದ ಪತಂಗಗಳನ್ನು ಪ್ರತಿ ಬಾರಿ ಎಣಿಸಿ ಬರೆದಿಡಿ. ಒಂದು ದಿನದ ಸಂಖ್ಯೆಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ. ಏರುತ್ತಿದ್ದರೆ, ಹದವೂ ಕೇಳುತ್ತಿದ್ದರೆ, ಹಗುರಾದ ನೀರು ಕೊಟ್ಟು ಬಿರುಕು ಕೂಡಿಸಿ.

ಮುಂಗಾರಿನಲ್ಲಿ ಸಾತಗಾಂವ ಪಠಾರದಂಥ ಕಡೆ ಮಳೆಯನ್ನೇ ನಂಬಿ ಹಾಕುವವರಿಗೆ ಚಿಂತೆ ಬೇರೆ: ನೀರು ಬಸಿದುಹೋಗುವ ಕಾಲುವೆ, ಅಂಗಮಾರಿ, ಗೊಣ್ಣೆ ಹುಳು. ಮೊದಲ ಮಳೆಯ ನಂತರದ ಸಂಜೆಗಳಲ್ಲಿ ಬೇವು, ಜಾಲಿಯ ಮೇಲೆ ಕೂರುವ ದುಂಬಿಗಳನ್ನು ಕೊಂಬೆ ಅಲುಗಾಡಿಸಿ ಬೀಳಿಸಿ ಕೊಲ್ಲುವುದೇ ಗೊಣ್ಣೆಗೆ ಒಳ್ಳೆಯ ಉಪಾಯ.

ಕೊನೆಯ ಹತ್ತು ದಿನ

ಕೀಳುವ 10ರಿಂದ 12 ದಿನ ಮೊದಲು ನೀರು ನಿಲ್ಲಿಸಿ, ಸೊಪ್ಪು ಕತ್ತರಿಸಿ ಹೊಲದಿಂದ ಹೊರಗೆ ಹಾಕಿ. ಈಗ ಮಣ್ಣು ಒಣಗಿ ಬಿರಿಯುವುದು ಖಚಿತ. ಪತಂಗಕ್ಕೂ ಇದೇ ಸುಗ್ಗಿ. ಆದ್ದರಿಂದ ಸೊಪ್ಪು ಕತ್ತರಿಸಿದ ದಿನವೇ ಬೋದಿಗೆ ಇನ್ನೊಮ್ಮೆ ಮಣ್ಣು ಎಳೆಯಿರಿ. ಒಂದು ಗಡ್ಡೆ ತೆಗೆದು ಹೆಬ್ಬೆರಳಿನಿಂದ ತಿಕ್ಕಿದಾಗ ಸಿಪ್ಪೆ ಏಳದಿದ್ದರೆ ಕೀಳಲು ಸಿದ್ಧ. ಕಿತ್ತ ರಾಶಿಯನ್ನು ಅಂದಿನ ಸಂಜೆಯೊಳಗೆ ನೆರಳಿಗೆ ಸಾಗಿಸಿ ದಪ್ಪ ಗೋಣಿಯಿಂದ ಮುಚ್ಚಿ. ಬಟಾಟೆಯ ಸೊಪ್ಪನ್ನು ಮಾತ್ರ ಹೊದಿಸಬೇಡಿ. ಅದರಲ್ಲಿರುವ ಮರಿಗಳು ರಾತ್ರಿಯೊಳಗೆ ಗಡ್ಡೆಗೆ ಇಳಿಯುತ್ತವೆ.