ಕಾಳಿ ಅಳಿವೆಯಲ್ಲಿ ಎರಡು ಚೀಲ ಹೊಟ್ಟು

2006ರ ಮೇ ಕೊನೆಯಲ್ಲಿ 'ಓಷನ್ ಸೆರಾಯಾ' ಹಡಗು ಕಾರವಾರದ ಹತ್ತಿರ ಬಂಡೆಗೆ ಸಿಕ್ಕಿಕೊಂಡು ಎಣ್ಣೆ ಸೋರಿತ್ತು. ಆಗ ನಾನಿನ್ನೂ ಹುಡುಗ. ಅಂಗಾಲಿಗೆ ಮೆತ್ತಿದ ಆ ಕಪ್ಪು ಜಿಡ್ಡು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರೂ ಎರಡು ದಿನ ಬಿಡಲಿಲ್ಲ. ಎಣ್ಣೆ ಸೋರಿಕೆಯ ಅಣಕು ಕಾರ್ಯಾಚರಣೆಯಲ್ಲಿ ದಡದ ತಂಡ ನೋಡಿಕೊಳ್ಳಿ ಅಂದಾಗ ತಕ್ಷಣ ಒಪ್ಪಿಕೊಂಡಿದ್ದು ಅದಕ್ಕೇ.

ನಡು ಸಮುದ್ರದ ಕೆಲಸ ಕೋಸ್ಟ್ ಗಾರ್ಡ್‌ನವರದ್ದು. ಬಂದರಿನ ಒಳಗೆ ಬಂದರಿನವರದ್ದು. ಎಣ್ಣೆ ದಡ ಮುಟ್ಟಿದ ಮೇಲೆ ಮಾತ್ರ ಅದು ರಾಜ್ಯ ಸರ್ಕಾರದ, ಅಂದರೆ ಜಿಲ್ಲಾಡಳಿತದ ಹೊಣೆ. ಕಾಗದದಲ್ಲಿ ಇದು ಸ್ಪಷ್ಟವಾಗಿದೆ. ಕಷ್ಟ ಇರುವುದು ನೀರಿನಲ್ಲಿ.

ಕಾಳಿ ನದಿಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿರುವ ಒಂದು ಸಣ್ಣ ಹಳ್ಳದ ಬಾಯಿಯನ್ನು ಆರಿಸಿಕೊಂಡೆವು. ಕಾಂಡ್ಲಾ ಬೇರಿಗೆ ಎಣ್ಣೆ ಹತ್ತಿದರೆ ತೊಳೆಯಲು ಆಗುವುದಿಲ್ಲ, ಒಳಗೆ ಹೋಗದಂತೆ ತಡೆಯುವುದೊಂದೇ ದಾರಿ. ಎಣ್ಣೆಯ ಬದಲು ಎರಡು ಚೀಲ ಭತ್ತದ ಹೊಟ್ಟು ತಂದಿದ್ದೆವು. ಅದು ತೇಲುತ್ತದೆ, ಕಣ್ಣಿಗೆ ಕಾಣುತ್ತದೆ, ಮೀನಿಗೂ ತೊಂದರೆಯಿಲ್ಲ. ಬೂಮ್ ಅನ್ನು, ಅಂದರೆ ಕೆಳಗೆ ಪರದೆ ಇಳಿಬಿಟ್ಟ ತೇಲುವ ತಡೆಯನ್ನು, ಈ ದಡದಿಂದ ಆ ದಡಕ್ಕೆ ನೆಟ್ಟಗೆ ಕಟ್ಟಿದೆವು. ಭರತ ಏರುವಾಗ ಹೊಟ್ಟು ಸುರಿದೆವು.

ಹೊಟ್ಟು ಬಂದು ಬೂಮಿಗೆ ಒತ್ತಿ ನಿಂತಿತು. ಎಲ್ಲರಿಗೂ ಖುಷಿ. ಅರ್ಧ ನಿಮಿಷವೂ ಆಗಿರಲಿಲ್ಲ, ಅಂಚಿನಲ್ಲಿ ಒಂದೊಂದೇ ಕಾಳು ಸುಳಿಗೆ ಸಿಕ್ಕಿ ಮುಳುಗಿ ಆಚೆ ಬದಿಯಲ್ಲಿ ಎದ್ದಿತು. ಆಮೇಲೆ ಪರದೆಯೇ ಮೇಲಕ್ಕೆದ್ದು ಹೊಟ್ಟೆಲ್ಲ ಕಾಂಡ್ಲಾದ ಬುಡಕ್ಕೆ ಹೋಗಿಬಿಟ್ಟಿತು. ಪಾತಿ ದೋಣಿಯಲ್ಲಿ ಕೂತು ನೋಡುತ್ತಿದ್ದ ಅಜ್ಜ ಒಬ್ಬರು ಹೇಳಿದರು, "ತಮಾ, ಭರತದ ನೀರಿಗೆ ಎದೆ ಕೊಟ್ರೆ ನಿಲ್ತದಾ? ಓರೆ ಹಾಕು."

ಅಜ್ಜನ ಮಾತು ನೂರಕ್ಕೆ ನೂರು ಸರಿ. ನೀರು ನೇರವಾಗಿ ಬಡಿಯುವಾಗ ಸೆಳೆತ ಸೆಕೆಂಡಿಗೆ ಸುಮಾರು 35 ಸೆಂಟಿಮೀಟರ್ ದಾಟಿದರೆ ಎಣ್ಣೆ ಬೂಮಿನ ಅಡಿಯಿಂದ ನುಸುಳುತ್ತದೆ. ಓದಿದ್ದೆ, ಆದರೆ ಅಳೆದಿರಲಿಲ್ಲ. ಅಳೆಯುವುದು ಸುಲಭ. ದಡದ ಮೇಲೆ 10 ಮೀಟರ್ ಗುರುತು ಹಾಕಿ, ನೀರಿಗೆ ಒಂದು ತೆಂಗಿನ ಸಿಪ್ಪೆ ಎಸೆಯಿರಿ. ಅದು 28 ಸೆಕೆಂಡಿಗಿಂತ ಬೇಗ ದಾಟಿದರೆ ನೆಟ್ಟಗೆ ಕಟ್ಟಬೇಡಿ. ನಮ್ಮದು 14 ಸೆಕೆಂಡಿಗೇ ದಾಟಿತು! ಬೂಮನ್ನು ಪೂರ್ತಿ ಓರೆಯಾಗಿಸಿ, ನೀರು ಹರಿದು ಹೋಗುವ ಕಡೆಯ ತುದಿಯನ್ನು ಸೆಳೆತ ಕಡಿಮೆ ಇರುವ ಮೂಲೆಗೆ ಕಟ್ಟಿದೆವು. ಎರಡನೇ ಚೀಲದ ಹೊಟ್ಟು ಬೂಮಿನ ಗುಂಟ ಜಾರಿ ಆ ಮೂಲೆಗೆ ಬಂದು ಸೇರಿತು. ಬುಟ್ಟಿಯಲ್ಲೇ ಬಾಚಿದೆವು.

ಮರಳಿನ ಮೇಲೂ ಒಂದು ಪರೀಕ್ಷೆ ಮಾಡಿದೆವು. ಹೊಟ್ಟು ಹರಡಿದ ಒಂದೇ ಉದ್ದದ ಎರಡು ಪಟ್ಟಿ, ಒಂದಕ್ಕೆ ಜೆಸಿಬಿ, ಇನ್ನೊಂದಕ್ಕೆ ಸಲಿಕೆ ಹಿಡಿದ ಆರು ಜನ. ಜೆಸಿಬಿ ಬೇಗ ಮುಗಿಸಿತು ನಿಜ, ಆದರೆ ಟ್ರ್ಯಾಕ್ಟರ್ ಟ್ರೇಲರ್ ತುಂಬ ಒಳ್ಳೆಯ ಮರಳನ್ನೇ ಹೊತ್ತು ತಂದಿತ್ತು, ಉಳಿದ ಹೊಟ್ಟನ್ನು ಚಕ್ರದಡಿ ಹೂತುಬಿಟ್ಟಿತ್ತು. ಸಲಿಕೆಯವರದ್ದು ನಾಲ್ಕೇ ಚೀಲ. ನಿಜವಾದ ಎಣ್ಣೆಯಾಗಿದ್ದರೆ ಆ ಟ್ರೇಲರ್ ಪೂರ್ತಿ ಅಪಾಯಕಾರಿ ಕಸ. ಅದನ್ನು ಎಲ್ಲಿ ಹಾಕುವುದು? ಜಾಗ ಮೊದಲೇ ಗುರುತು ಮಾಡಿರಬೇಕು, ತಳಕ್ಕೆ ಹಾಸಲು ದಪ್ಪ ಟಾರ್ಪಾಲ್ ಬೇಕು. ಚೀಲವನ್ನು ಅರ್ಧ ಮಾತ್ರ ತುಂಬಿ, ಜಾಸ್ತಿ ತುಂಬಿದರೆ ಎತ್ತುವಾಗ ಹರಿಯುತ್ತದೆ.

ಮುಂದಿನ ಕಾರ್ಯಾಚರಣೆಯ ಹೊತ್ತನ್ನು ಈ ಸಲ ಭರತ-ಇಳಿತ ನೋಡಿಯೇ ಇಟ್ಟಿದ್ದೇವೆ, ಅತಿಥಿಗಳ ಅನುಕೂಲ ನೋಡಿ ಅಲ್ಲ. ಫೋನ್ ಪಟ್ಟಿಯಲ್ಲಿ ಆ ಅಜ್ಜನ ಮತ್ತು ಇನ್ನೂ ಐದು ದೋಣಿಯವರ ನಂಬರ್ ಮೊದಲ ಪುಟದಲ್ಲೇ ಇದೆ.